ಬಾಳೆಹಣ್ಣಿನ ಕ್ಯಾವೆಂಡಿಶ್, ಹೈಡ್ರೋಜನ್ ಕ್ಯಾವೆಂಡಿಶ್, ಮೈಸೂರಿನ ಬೆಂಟಿಂಕ್: ಎಲ್ಲರೂ ಒಂದೇ ಮನೆಯವರಾ?

ಪ್ರಶ್ನೆ: ನಾನು ಪಿಯುಸಿ ಮಕ್ಕಳಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಭೂಮಿಯ ತೂಕ ಹಾಕಿದ ಹೆನ್ರಿ ಕ್ಯಾವೆಂಡಿಶ್ ಬಗ್ಗೆ ಹೇಳುತ್ತಿದ್ದಾಗ, ಕ್ಯಾವೆಂಡಿಶ್ ಬಾಳೆಗೂ ಇವರದೇ ಹೆಸರಾ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಹುಡುಕುತ್ತಾ ಹೋದರೆ ಕೇಂಬ್ರಿಜ್‌ನ ಲ್ಯಾಬ್, ಡೆವನ್‌ಶೈರ್ ಡ್ಯೂಕ್‌ಗಳು, ಕೊನೆಗೆ ಮೈಸೂರನ್ನು ಕಿತ್ತುಕೊಂಡ ಬೆಂಟಿಂಕ್ ಹೆಸರಲ್ಲೂ ಕ್ಯಾವೆಂಡಿಶ್ ಇದೆ. ಅದರಲ್ಲೂ ಅರ್ಧದಷ್ಟು ಜನರ ಹೆಸರು ವಿಲಿಯಂ! ಇವರೆಲ್ಲ ಒಂದೇ ಮನೆತನವಾ? ವಂಶಾವಳಿ ಬಿಡಿಸಿ ಹೇಳ್ತೀರಾ?

ಉತ್ತರ: ಹೌದು, ಎಲ್ಲರೂ ಒಂದೇ ಮನೆತನ. ಇನ್ನೂ ಸ್ಪಷ್ಟವಾಗಿ ಹೇಳಬೇಕೆಂದರೆ, ನೀವು ಹೆಸರಿಸಿದ ಅಷ್ಟೂ ಜನ ಒಬ್ಬಳೇ ತಾಯಿಯ ಸಂತಾನ. ಆಕೆಯ ಹೆಸರು ಬೆಸ್ ಆಫ್ ಹಾರ್ಡ್‌ವಿಕ್.

ಡ್ಯೂಕ್‌ಗಳ ಪಟ್ಟಿಯನ್ನು ಒಂದರಿಂದ ಹನ್ನೆರಡರವರೆಗೆ ಓದಿಕೊಂಡು ಹೋದರೆ ಈ ಮನೆತನ ಅರ್ಥವಾಗುವುದಿಲ್ಲ. ಅಲ್ಲಿ ಹಿರಿಮಗನಿಗೆ ಪಟ್ಟ, ಹಿರಿಮಗನಿಗೆ ಜಮೀನು. ಆದರೆ ನಿಮಗೆ ಬೇಕಾದ ಕಥೆ ನಡೆದದ್ದು ಹೆಚ್ಚಾಗಿ ಕಿರಿಮಕ್ಕಳ ಕವಲುಗಳಲ್ಲಿ ಮತ್ತು ಮದುವೆಯಾಗಿ ಬೇರೆ ಮನೆಗೆ ಹೋದ ಹೆಣ್ಣುಮಕ್ಕಳ ಕವಲುಗಳಲ್ಲಿ. ವಂಶಾವಳಿ ಬರೆಯುವವರು ಅವನ್ನೇ ಬಿಟ್ಟುಬಿಡುತ್ತಾರೆ. ನಾನು ಅವನ್ನೇ ಹಿಡಿದು ಹೇಳುತ್ತೇನೆ.

ಮೂಲ ಊರು ಸಫೋಕ್ ಪ್ರಾಂತ್ಯದ ಕ್ಯಾವೆಂಡಿಶ್ ಎಂಬ ಹಳ್ಳಿ. ಈ ಮನೆಯ ಸರ್ ಜಾನ್ ಕ್ಯಾವೆಂಡಿಶ್ ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶರಾಗಿದ್ದರು. 1381ರ ರೈತ ದಂಗೆಯಲ್ಲಿ ಜನ ಅವರನ್ನು ಹಿಡಿದು ತಲೆ ಕಡಿದರು. ಅಲ್ಲಿಂದ ಸುಮಾರು ಒಂದೂವರೆ ಶತಮಾನ ದೊಡ್ಡ ಸುದ್ದಿಯಿಲ್ಲ. ಆಮೇಲೆ ಎಂಟನೇ ಹೆನ್ರಿಯ ಕಾಲದಲ್ಲಿ ಸರ್ ವಿಲಿಯಂ ಕ್ಯಾವೆಂಡಿಶ್ ಬರುತ್ತಾರೆ. ರಾಜ ಕ್ರೈಸ್ತ ಮಠಗಳನ್ನು ಮುಚ್ಚಿಸಿ ಆಸ್ತಿ ವಶಪಡಿಸಿಕೊಂಡಾಗ ಅದರ ಲೆಕ್ಕಪತ್ರ ನೋಡಿಕೊಂಡ ಅಧಿಕಾರಿಗಳಲ್ಲಿ ಇವರೂ ಒಬ್ಬರು. ಆ ಕೆಲಸದಲ್ಲಿ ಚೆನ್ನಾಗಿ ಆಸ್ತಿ ಮಾಡಿಕೊಂಡರು. 1547ರಲ್ಲಿ ಬೆಸ್‌ಳನ್ನು ಮದುವೆಯಾದರು. ಅವರಿಗೆ ಅದು ಮೂರನೇ ಮದುವೆ, ಅವಳಿಗೆ ಎರಡನೆಯದು.

ಬೆಸ್ ಡರ್ಬಿಶೈರ್‌ನ ಸಾಧಾರಣ ಜಮೀನ್ದಾರ ಮನೆಯ ಹುಡುಗಿ. ಗಂಡ ತನ್ನ ಜಮೀನನ್ನೆಲ್ಲ ಮಾರಿ ತನ್ನ ತವರು ಸೀಮೆಯಲ್ಲೇ ಆಸ್ತಿ ಕೊಳ್ಳುವಂತೆ ಮಾಡಿದಳು. 1549ರಲ್ಲಿ 600 ಪೌಂಡ್ ಕೊಟ್ಟು ಚಾಟ್ಸ್‌ವರ್ತ್ ಎಂಬ ಎಸ್ಟೇಟ್ ಕೊಂಡರು. ಇವತ್ತಿಗೂ ಡ್ಯೂಕ್ ಕುಟುಂಬ ಇರುವುದು ಅಲ್ಲೇ. ಅಂದಹಾಗೆ, ಹೆಸರು ಡೆವನ್‌ಶೈರ್ ಡ್ಯೂಕ್ ಆದರೂ ಮನೆ ಇರುವುದು ಡರ್ಬಿಶೈರ್‌ನಲ್ಲಿ. ನಕ್ಷೆಯಲ್ಲಿ ಡೆವನ್ ಕಡೆ ಹುಡುಕಲು ಹೋಗಬೇಡಿ.

ಗಂಡ ತೀರಿಕೊಂಡ ಮೇಲೆ ಬೆಸ್ ಇನ್ನೆರಡು ಮದುವೆಯಾದಳು. ನಾಲ್ಕನೆಯ ಗಂಡ ಶ್ರೂಸ್‌ಬರಿಯ ಅರ್ಲ್ (ಡ್ಯೂಕ್‌ಗಿಂತ ಕೆಳಗಿನ ಪದವಿ), ದೇಶದ ದೊಡ್ಡ ಶ್ರೀಮಂತರಲ್ಲೊಬ್ಬ. ಆ ಹೊತ್ತಿನಲ್ಲಿ ಅವಳು ಮಾಡಿದ ಏರ್ಪಾಡು ನೋಡಿ. ತನ್ನ ಮಗಳನ್ನು ಅರ್ಲ್‌ನ ಮಗನಿಗೆ ಕೊಟ್ಟಳು, ಅರ್ಲ್‌ನ ಮಗಳನ್ನು ತನ್ನ ಹಿರಿಮಗನಿಗೆ ತಂದುಕೊಂಡಳು. ಎರಡೂ ಮದುವೆ 1568ರಲ್ಲಿ ಒಟ್ಟಿಗೇ ಆದವು. ಹಾಗಾಗಿ ಎರಡು ಮನೆಯ ಆಸ್ತಿ ಹೊರಗೆ ಹೋಗುವ ಮಾತೇ ಇಲ್ಲ. ಇನ್ನೊಬ್ಬ ಮಗಳು ಎಲಿಜಬೆತ್‌ಳನ್ನು ರಾಜವಂಶದ ಚಾರ್ಲ್ಸ್ ಸ್ಟುವರ್ಟ್‌ಗೆ ಕೊಟ್ಟಳು. ಅವರಿಗೆ ಹುಟ್ಟಿದ ಅರ್ಬೆಲ್ಲಾ ಸ್ಟುವರ್ಟ್ ಇಂಗ್ಲೆಂಡಿನ ಸಿಂಹಾಸನಕ್ಕೆ ಹಕ್ಕುದಾರಳಾಗಿದ್ದಳು. ಸ್ಕಾಟ್ಲೆಂಡಿನ ರಾಣಿ ಮೇರಿ ಸೆರೆಯಲ್ಲಿದ್ದಾಗ ಅವಳ ಕಾವಲು ಬೆಸ್‌ಳ ಗಂಡನದೇ. 1569ರಿಂದ ಹದಿನೈದು ವರ್ಷ! ಮೇರಿಯನ್ನು ಎಷ್ಟೋ ಸಲ ಚಾಟ್ಸ್‌ವರ್ತ್‌ನಲ್ಲೇ ಇರಿಸಿದ್ದರು.

ಬೆಸ್ 1608ರಲ್ಲಿ ತೀರಿಕೊಂಡಳು. ಅವಳು ಕಟ್ಟಿಸಿದ ಹಾರ್ಡ್‌ವಿಕ್ ಹಾಲ್ ಈಗಲೂ ನಿಂತಿದೆ. ಗೋಡೆಗಿಂತ ಗಾಜೇ ಜಾಸ್ತಿ ಅಂತ ಜನ ಆಡಿಕೊಳ್ಳುವ ಮನೆ. ಗೋಪುರಗಳ ನೆತ್ತಿಯ ಮೇಲೆ ತನ್ನ ಹೆಸರಿನ ಮೊದಲಕ್ಷರಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾಳೆ. ದೂರದಿಂದಲೇ ಕಾಣುತ್ತದೆ.

ಬೆಸ್‌ಳಿಗೆ ಮೂವರು ಗಂಡುಮಕ್ಕಳು ಉಳಿದರು. ಮೂವರೂ ಎರಡನೇ ಗಂಡನಿಂದ ಆದವರು. ಹಿರಿಯ ಹೆನ್ರಿಗೆ ಮದುವೆಯಿಂದ ಮಕ್ಕಳಾಗಲಿಲ್ಲ. ಎರಡನೆಯ ವಿಲಿಯಂ ಅಣ್ಣನಿಂದ ಚಾಟ್ಸ್‌ವರ್ತ್ ಕೊಂಡುಕೊಂಡ, 1618ರಲ್ಲಿ ಡೆವನ್‌ಶೈರ್‌ನ ಅರ್ಲ್ ಆದ. ಮೂರನೆಯ ಚಾರ್ಲ್ಸ್ ವೆಲ್ಬೆಕ್ ಎಂಬ ಹಳೆಯ ಮಠದ ಜಾಗ ಕೊಂಡು ಅಲ್ಲಿ ನೆಲೆಸಿದ. ನಿಮ್ಮ ಚಾರ್ಟ್‌ನಲ್ಲಿ ಇಲ್ಲಿ ಎರಡು ಗೆರೆ ಎಳೆಯಿರಿ: ಒಂದು ಚಾಟ್ಸ್‌ವರ್ತ್ ಕವಲು, ಇನ್ನೊಂದು ವೆಲ್ಬೆಕ್ ಕವಲು.

ಮೊದಲು ವೆಲ್ಬೆಕ್ ಕವಲನ್ನು ಮುಗಿಸಿಬಿಡೋಣ. ಚಾರ್ಲ್ಸ್‌ನ ಮಗ ವಿಲಿಯಂ ನ್ಯೂಕ್ಯಾಸಲ್‌ನ ಡ್ಯೂಕ್ ಆದ. ರಾಜನಿಗೂ ಸಂಸತ್ತಿಗೂ ನಡೆದ ಅಂತರ್ಯುದ್ಧದಲ್ಲಿ ರಾಜನ ಪರ ಸೇನಾಪತಿ. 1644ರಲ್ಲಿ ಮಾರ್ಸ್ಟನ್ ಮೂರ್‌ನಲ್ಲಿ ಸೋತು ದೇಶ ಬಿಟ್ಟ. ಅವನ ಎರಡನೇ ಹೆಂಡತಿ ಮಾರ್ಗರೆಟ್ ಕ್ಯಾವೆಂಡಿಶ್ ಕವಿತೆ, ನಾಟಕ, ತತ್ತ್ವಶಾಸ್ತ್ರ, ಕಾಲ್ಪನಿಕ ಕಥೆ ಎಲ್ಲವನ್ನೂ ತನ್ನ ಹೆಸರಲ್ಲೇ ಅಚ್ಚು ಹಾಕಿಸಿದಳು. ಆ ಕಾಲದಲ್ಲಿ ಅದು ಸಣ್ಣ ಧೈರ್ಯವಲ್ಲ. 1667ರಲ್ಲಿ ಲಂಡನ್‌ನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಸಭೆಗೆ ಹೋದ ಮೊದಲ ಮಹಿಳೆಯೂ ಅವಳೇ. ನಿಮ್ಮ ವಿಜ್ಞಾನದ ಮಕ್ಕಳಿಗೆ ಇವಳ ಹೆಸರನ್ನೂ ಹೇಳಿ.

ಈ ಕವಲಿನಲ್ಲಿ ಗಂಡುಸಂತಾನ 1691ಕ್ಕೆ ನಿಂತಿತು. ಆಸ್ತಿ ಮಗಳಿಗೆ ಹೋಯಿತು, ಅವಳಿಂದ ಅವಳ ಒಬ್ಬಳೇ ಮಗಳು ಹೆನ್ರಿಯೆಟ್ಟಾಗೆ, ಅವಳಿಂದ ಮತ್ತೆ ಅವಳ ಮಗಳು ಮಾರ್ಗರೆಟ್‌ಗೆ. ಸತತ ಮೂರು ತಲೆಮಾರು ಹೆಣ್ಣುಮಕ್ಕಳ ಕೈಯಲ್ಲೇ ಆಸ್ತಿ ದಾಟಿತು. ಲಂಡನ್‌ನ ಕ್ಯಾವೆಂಡಿಶ್ ಸ್ಕ್ವೇರ್, ಡಾಕ್ಟರುಗಳಿಗೆ ಹೆಸರಾದ ಹಾರ್ಲಿ ಸ್ಟ್ರೀಟ್, ವೆಲ್ಬೆಕ್ ಸ್ಟ್ರೀಟ್ ಎಲ್ಲ ಇವರ ಜಮೀನಿನ ಮೇಲೆ ಎದ್ದವು. ಹಾರ್ಲಿ ಅನ್ನುವುದು ಹೆನ್ರಿಯೆಟ್ಟಾಳ ಗಂಡನ ಮನೆತನದ ಹೆಸರು. ಕೊನೆಯ ಮಗಳು ಮಾರ್ಗರೆಟ್ ಮದುವೆಯಾದದ್ದು ಪೋರ್ಟ್‌ಲೆಂಡ್‌ನ ಎರಡನೇ ಡ್ಯೂಕ್ ವಿಲಿಯಂ ಬೆಂಟಿಂಕ್‌ನನ್ನು. ಈ ಬೆಂಟಿಂಕ್ ಅನ್ನುವ ಹೆಸರನ್ನು ನೆನಪಿಡಿ.

ಈಗ ಚಾಟ್ಸ್‌ವರ್ತ್ ಕವಲು. ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಈ ಮನೆಯ ಮಕ್ಕಳಿಗೆ ಮೇಷ್ಟ್ರಾಗಿ 1608ರಲ್ಲಿ ಬಂದವರು. ಕೊನೆಯುಸಿರೆಳೆದದ್ದೂ ಇವರ ಹಾರ್ಡ್‌ವಿಕ್ ಮನೆಯಲ್ಲೇ, 1679ರಲ್ಲಿ. ನಾಲ್ಕನೇ ಅರ್ಲ್ 1688ರಲ್ಲಿ ಏಳು ಜನ ಮುಖಂಡರಲ್ಲಿ ಒಬ್ಬನಾಗಿ ಹಾಲೆಂಡಿನ ವಿಲಿಯಂಗೆ ರಹಸ್ಯ ಪತ್ರ ಬರೆದು ಇಂಗ್ಲೆಂಡಿಗೆ ಕರೆಸಿಕೊಂಡ. ಆ ವಿಲಿಯಂ ರಾಜನಾದ, ಪತ್ರ ಬರೆದವನು 1694ರಲ್ಲಿ ಮೊದಲನೇ ಡ್ಯೂಕ್ ಆದ. ಹೊಸ ರಾಜನ ಜೊತೆ ಹಾಲೆಂಡಿನಿಂದ ಬಂದ ಆಪ್ತರಲ್ಲಿ ಒಬ್ಬ ಬೆಂಟಿಂಕ್. ಪೋರ್ಟ್‌ಲೆಂಡ್ ಡ್ಯೂಕ್‌ಗಳ ಮೂಲಪುರುಷ ಅವನೇ.

ಇಲ್ಲಿ ಸ್ವಲ್ಪ ನಿಲ್ಲಿ. ಹೆಸರುಗಳ ಗೋಜಲು ಬಿಡಿಸಲು ಒಂದು ಸುಲಭ ಸೂತ್ರ ಇದೆ. ಬರೀ ಲಾರ್ಡ್ ಅಂತ ಬಂದು ಪಕ್ಕದಲ್ಲೇ ಸ್ವಂತ ಹೆಸರಿದ್ದರೆ, ಉದಾಹರಣೆಗೆ ಲಾರ್ಡ್ ಚಾರ್ಲ್ಸ್, ಲಾರ್ಡ್ ಜಾರ್ಜ್, ಅವನು ಡ್ಯೂಕ್‌ನ ಕಿರಿಮಗ. ಪಟ್ಟ ಸಿಗುವವನಲ್ಲ. ಮಾರ್ಕ್ವಿಸ್ ಆಫ್ ಹಾರ್ಟಿಂಗ್‌ಟನ್ ಅಂತ ಇದ್ದರೆ ಅವನು ಹಿರಿಮಗ, ಮುಂದಿನ ಡ್ಯೂಕ್. ಹೆನ್ರಿ ಕ್ಯಾವೆಂಡಿಶ್ ಹೆಸರಿಗೆ ಮುಂದೆ ಏನೂ ಇಲ್ಲ ಅಲ್ವಾ? ಯಾಕೆಂದರೆ ಅವರು ಕಿರಿಮಗನ ಮಗ.

ಹೆನ್ರಿಯ ತಂದೆ ಲಾರ್ಡ್ ಚಾರ್ಲ್ಸ್, ಎರಡನೇ ಡ್ಯೂಕ್‌ನ ಕಿರಿಮಕ್ಕಳಲ್ಲಿ ಒಬ್ಬರು. ಅವರೂ ವಿಜ್ಞಾನಿಯೇ. ದಿನದ ಅತಿ ಹೆಚ್ಚು, ಅತಿ ಕಡಿಮೆ ಉಷ್ಣತೆ ತೋರಿಸುವ ಥರ್ಮಾಮೀಟರ್ ಮಾಡಿದ್ದಕ್ಕೆ 1757ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಪಡೆದಿದ್ದರು. ಮಗ ಹೆನ್ರಿ 1731ರಲ್ಲಿ ಹುಟ್ಟಿದರು, ಕೇಂಬ್ರಿಜ್‌ನಲ್ಲಿ ಓದಿ ಡಿಗ್ರಿ ತೆಗೆದುಕೊಳ್ಳದೆ ಬಂದರು. 1766ರಲ್ಲಿ, ಆಗ ಸುಡುವ ಗಾಳಿ ಅನ್ನುತ್ತಿದ್ದ ಹೈಡ್ರೋಜನ್ ಬೇರೆಯದೇ ಒಂದು ಅನಿಲ ಎಂದು ತೋರಿಸಿದರು. ಅದಕ್ಕೆ ಅವರಿಗೂ ಕಾಪ್ಲಿ ಪದಕ ಬಂತು. ಜನರ ಜೊತೆ ಮಾತೆಂದರೆ ಹಿಂಜರಿಕೆ. ಊಟಕ್ಕೆ ಏನು ಬೇಕು ಅಂತ ಮನೆಕೆಲಸದವರಿಗೆ ಚೀಟಿ ಬರೆದಿಡುತ್ತಿದ್ದರು.

ಭೂಮಿಯ ತೂಕದ ಪ್ರಯೋಗವನ್ನು ಪಾಠದಲ್ಲಿ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಅದು ನಡೆದ ರೀತಿ ಹೇಳಿದರೆ ಮಕ್ಕಳಿಗೆ ಇನ್ನೂ ಹಿಡಿಸುತ್ತದೆ. ಸಾಧನದ ಕಲ್ಪನೆ ಹೆನ್ರಿಯದಲ್ಲ, ಜಾನ್ ಮಿಚೆಲ್ ಅನ್ನುವವರದು. ಅವರು ಪ್ರಯೋಗ ಮಾಡುವ ಮೊದಲೇ ತೀರಿಕೊಂಡರು. 1797ರಲ್ಲಿ, 65 ದಾಟಿದ ವಯಸ್ಸಿನಲ್ಲಿ ಹೆನ್ರಿ ಅದನ್ನು ಕ್ಲ್ಯಾಪಮ್‌ನ ತಮ್ಮ ಮನೆಯಲ್ಲಿ ಹೊಸದಾಗಿ ಕಟ್ಟಿ ನಿಲ್ಲಿಸಿದರು. ಆರು ಅಡಿ ಉದ್ದದ ಮರದ ದಂಡ, ತಂತಿಯಲ್ಲಿ ತೂಗುಬಿಟ್ಟದ್ದು. ಎರಡು ತುದಿಗೆ ಎರಡಂಗುಲದ ಸೀಸದ ಗುಂಡುಗಳು. ಅವುಗಳ ಹತ್ತಿರ ತಲಾ ಸುಮಾರು 158 ಕಿಲೋ ತೂಕದ ಎರಡು ದೊಡ್ಡ ಸೀಸದ ಗುಂಡು. ದೊಡ್ಡದು ಸಣ್ಣದನ್ನು ಎಷ್ಟು ಎಳೆಯುತ್ತದೆ ಅಂತ ಅಳೆಯಬೇಕು. ಆ ಸೆಳೆತ ಎಷ್ಟು ಸೂಕ್ಷ್ಮವೆಂದರೆ, ಕೋಣೆಯೊಳಗೆ ಮನುಷ್ಯ ನಿಂತರೆ ಅವನ ಮೈಶಾಖಕ್ಕೇ ಗಾಳಿ ಅಲುಗಾಡಿ ಲೆಕ್ಕ ಕೆಡುತ್ತದೆ. ಹಾಗಾಗಿ ಬಾಗಿಲು ಮುಚ್ಚಿ, ಗೋಡೆಯ ತೂತಿನಲ್ಲಿ ದೂರದರ್ಶಕ ಇಟ್ಟು ಹೊರಗಿನಿಂದ ನೋಡಿದರು. ದೊಡ್ಡ ಗುಂಡುಗಳನ್ನು ಸರಿಸಿದ್ದೂ ಹೊರಗಿನಿಂದಲೇ, ರಾಟೆ ಕಟ್ಟಿ. ಭೂಮಿ ನೀರಿಗಿಂತ 5.48 ಪಟ್ಟು ಸಾಂದ್ರ ಎಂದು 1798ರಲ್ಲಿ ಪ್ರಕಟಿಸಿದರು. ಇವತ್ತಿನ ಲೆಕ್ಕ 5.51.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸುವುದು 1785ರ ಇನ್ನೊಂದು ಪ್ರಯೋಗ. ಗಾಳಿಗೆ ಆಮ್ಲಜನಕ ಬೆರೆಸಿ, ವಿದ್ಯುತ್ ಕಿಡಿ ಹಾಯಿಸಿ ಅದರ ಸಾರಜನಕವನ್ನೆಲ್ಲ ತೆಗೆದರು. ಕೊನೆಗೆ ಒಂದು ಸಣ್ಣ ಗುಳ್ಳೆ ಉಳಿಯಿತು. ಏನು ಮಾಡಿದರೂ ಕರಗಲಿಲ್ಲ. ತಪ್ಪು ಅಂತ ಬಿಟ್ಟುಬಿಡದೆ, ಸಾರಜನಕದ 120ರಲ್ಲಿ ಒಂದು ಪಾಲಿಗಿಂತ ಜಾಸ್ತಿಯಿಲ್ಲ ಅಂತ ಬರೆದಿಟ್ಟರು. ನೂರಕ್ಕೂ ಹೆಚ್ಚು ವರ್ಷದ ನಂತರ, 1894ರಲ್ಲಿ ರ‍್ಯಾಲೆ ಮತ್ತು ರ‍್ಯಾಮ್ಸೆ ಆ ಗುಳ್ಳೆಯೇ ಆರ್ಗಾನ್ ಎಂದು ತಿಳಿಸಿದರು.

ಹೆನ್ರಿ ಮದುವೆಯಾಗಲಿಲ್ಲ. 1810ರಲ್ಲಿ ತೀರಿಕೊಂಡಾಗ ಇಂಗ್ಲೆಂಡಿನ ಭಾರಿ ಶ್ರೀಮಂತರಲ್ಲಿ ಒಬ್ಬರು. ನಾಲ್ಕನೇ ಡ್ಯೂಕ್ ಹೆನ್ರಿಗೆ ದೊಡ್ಡಪ್ಪನ ಮಗ. ಆ ಡ್ಯೂಕ್‌ನ ಕಿರಿಮಗ ಲಾರ್ಡ್ ಜಾರ್ಜ್‌ಗೆ ಹೆನ್ರಿ ತಮ್ಮ ಆಸ್ತಿಯ ಹೆಚ್ಚಿನ ಪಾಲು ಬಿಟ್ಟುಹೋದರು. ಈ ಲಾರ್ಡ್ ಜಾರ್ಜ್ ನಿಮ್ಮ ಚಾರ್ಟ್‌ನಲ್ಲಿ ಬಹಳ ಮುಖ್ಯ. ಹೆಚ್ಚಿನ ಪುಸ್ತಕಗಳು ಅವರನ್ನು ದಾಟಿಕೊಂಡು ಹೋಗುತ್ತವೆ.

ನಾಲ್ಕನೇ ಡ್ಯೂಕ್ 1756-57ರಲ್ಲಿ ಕೆಲವು ತಿಂಗಳು ಬ್ರಿಟನ್‌ನ ಪ್ರಧಾನಿಯಾಗಿದ್ದರು. ಅವರ ಹೆಂಡತಿ ಷಾರ್ಲಟ್ ಬಾಯ್ಲ್ ತವರಿಂದ ತಂದದ್ದು ಲಂಡನ್‌ನ ಚಿಸ್ವಿಕ್ ಹೌಸ್, ಯಾರ್ಕ್‌ಶೈರ್‌ನ ಬೋಲ್ಟನ್ ಆ್ಯಬಿ, ಐರ್ಲೆಂಡಿನ ಲಿಸ್ಮೋರ್ ಕೋಟೆ. ನೋಡಿ, ಇಲ್ಲೂ ಆಸ್ತಿ ಬಂದದ್ದು ಹೆಣ್ಣಿನ ಕಡೆಯಿಂದಲೇ. ಐದನೇ ಡ್ಯೂಕ್‌ನ ಹೆಂಡತಿ ಜಾರ್ಜಿಯಾನಾ ಸ್ಪೆನ್ಸರ್ ಬಗ್ಗೆ ಓದಿರಬಹುದು. ರಾಜಕುಮಾರಿ ಡಯಾನಾ ಆಕೆಯ ತಮ್ಮನ ಕವಲಿನವರು. ಜೂಜಿನ ಸಾಲ, ಗಂಡನ ಜೊತೆಗೇ ಮನೆಯಲ್ಲಿದ್ದ ಎಲಿಜಬೆತ್ ಫಾಸ್ಟರ್ ಅಂತ ಆಕೆಯ ಬದುಕನ್ನು ಗಾಸಿಪ್ ಮಾಡಿಬಿಟ್ಟಿದ್ದಾರೆ. 1784ರಲ್ಲಿ ಹೆಂಗಸರಿಗೆ ಮತವೇ ಇಲ್ಲದ ಕಾಲದಲ್ಲಿ ರಾಜಕಾರಣಿ ಫಾಕ್ಸ್ ಪರವಾಗಿ ವೆಸ್ಟ್‌ಮಿನ್‌ಸ್ಟರ್‌ನ ಬೀದಿಗಿಳಿದು ಮತ ಕೇಳಿದವಳು ಆಕೆ. ನೆನಪಿಡಬೇಕಾದದ್ದು ಅದು.

ಜಾರ್ಜಿಯಾನಾಳ ಮಗ ಆರನೇ ಡ್ಯೂಕ್. ಬಾಳೆಹಣ್ಣಿನ ಕ್ಯಾವೆಂಡಿಶ್ ಇವರೇ. ಮದುವೆಯಾಗಲಿಲ್ಲ, ಗಿಡಗಳ ಹುಚ್ಚು. 1826ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ಹುಡುಗನನ್ನು ಚಾಟ್ಸ್‌ವರ್ತ್‌ನ ಮುಖ್ಯ ತೋಟಗಾರನನ್ನಾಗಿ ನೇಮಿಸಿದರು. ಇನ್ನೂ 23 ತುಂಬಿರಲಿಲ್ಲ ಅವನಿಗೆ. ದಕ್ಷಿಣ ಚೀನಾ ಮೂಲದ, ಮಾರಿಷಸ್ ದಾರಿಯಾಗಿ ಇಂಗ್ಲೆಂಡಿಗೆ ಬಂದಿದ್ದ ಒಂದು ಗಿಡ್ಡ ಬಾಳೆಯನ್ನು ಪ್ಯಾಕ್ಸ್‌ಟನ್ ತಂದು ಗಾಜಿನ ಮನೆಯಲ್ಲಿ ನೆಟ್ಟ. 1835ರ ನವೆಂಬರ್‌ನಲ್ಲಿ ಗೊನೆ ಹಾಕಿತು. ಮುಂದಿನ ಮೇ ಹೊತ್ತಿಗೆ ನೂರಕ್ಕಿಂತ ಜಾಸ್ತಿ ಕಾಯಿ. ಒಡೆಯನ ಮನೆತನದ ಹೆಸರನ್ನೇ ಅದಕ್ಕಿಟ್ಟ. ಜಾನ್ ವಿಲಿಯಮ್ಸ್ ಎಂಬ ಪಾದ್ರಿ ಈ ಬಾಳೆಯನ್ನು ಸಮೋವಾ ದ್ವೀಪಗಳಿಗೆ ಒಯ್ದರು, ಅಲ್ಲಿಂದ ಪೆಸಿಫಿಕ್‌ನಲ್ಲಿ ಹಬ್ಬಿತು. 1950-60ರ ದಶಕದಲ್ಲಿ ಪನಾಮಾ ರೋಗ ಬಂದು ಗ್ರೋ ಮಿಶೆಲ್ ತಳಿಯ ತೋಟಗಳು ನಾಶವಾದಾಗ, ಆ ರೋಗ ತಡೆದುಕೊಂಡ ಕ್ಯಾವೆಂಡಿಶ್ ಗುಂಪು ಜಗತ್ತಿನ ರಫ್ತು ಮಾರುಕಟ್ಟೆಯನ್ನೇ ತುಂಬಿಕೊಂಡಿತು.

ನಮ್ಮ ಸಂತೆಯ ಪಚ್ಚಬಾಳೆ, ಜಿ-9 ಇವೆರಡೂ ಕ್ಯಾವೆಂಡಿಶ್ ಗುಂಪಿನವೇ. ಏಲಕ್ಕಿ ಬಾಳೆ, ನಂಜನಗೂಡು ರಸಬಾಳೆ ಬೇರೆ. ಆದರೆ ಮಕ್ಕಳಿಗೆ ಒಂದು ಮಾತು ಸರಿಯಾಗಿ ಹೇಳಿ: ಡ್ಯೂಕ್ ಕೊಟ್ಟದ್ದು ಹೆಸರು ಮಾತ್ರ. ತಳಿ ಬೆಳೆಸಿದವರು ಏಷ್ಯಾದ ರೈತರು.

ಅದೇ ಪ್ಯಾಕ್ಸ್‌ಟನ್ ಚಾಟ್ಸ್‌ವರ್ತ್‌ನಲ್ಲಿ ಗಾಜಿನ ಮನೆಗಳನ್ನು ಕಟ್ಟಿ ಪಳಗಿ, 1851ರ ಲಂಡನ್ ಮಹಾ ಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೇಸ್ ವಿನ್ಯಾಸ ಮಾಡಿದ.

ಆರನೇ ಡ್ಯೂಕ್‌ಗೆ ಮಕ್ಕಳಿಲ್ಲದ್ದರಿಂದ 1858ರಲ್ಲಿ ಪಟ್ಟ ಹೋದದ್ದು ಚಿಕ್ಕಪ್ಪನ ಮೊಮ್ಮಗನಿಗೆ. ಆ ಚಿಕ್ಕಪ್ಪ ಯಾರು? ಹೆನ್ರಿಯ ಹಣ ಪಡೆದ ಅದೇ ಲಾರ್ಡ್ ಜಾರ್ಜ್. ಹೊಸ ಡ್ಯೂಕ್, ಅಂದರೆ ಏಳನೆಯವರು, ಗಣಿತದಲ್ಲಿ ಅಪ್ಪಟ ಪ್ರತಿಭೆ. 1829ರಲ್ಲಿ ಕೇಂಬ್ರಿಜ್ ಗಣಿತ ಪರೀಕ್ಷೆಯಲ್ಲಿ ಎರಡನೇ ಸ್ಥಾನ ಪಡೆದಿದ್ದರು. ಆಮೇಲೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾದರು. ಭೌತಶಾಸ್ತ್ರಕ್ಕೆ ಪ್ರಯೋಗಾಲಯ ಬೇಕು, ದುಡ್ಡಿಲ್ಲ ಎಂದಾಗ 1870ರಲ್ಲಿ 6,300 ಪೌಂಡ್ ಕೊಡುತ್ತೇನೆಂದು ಮುಂದೆ ಬಂದರು. 1874ರಲ್ಲಿ ಕ್ಯಾವೆಂಡಿಶ್ ಲ್ಯಾಬೊರೇಟರಿ ಶುರುವಾಯಿತು. ಮೊದಲ ಪ್ರೊಫೆಸರ್ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಹೆನ್ರಿ ಅಚ್ಚು ಹಾಕಿಸದೆ ಇಟ್ಟಿದ್ದ ವಿದ್ಯುತ್ ಪ್ರಯೋಗಗಳ ಕಾಗದಗಳನ್ನು ಡ್ಯೂಕ್ ಅವರ ಕೈಗೆ ಕೊಟ್ಟರು. ಮ್ಯಾಕ್ಸ್‌ವೆಲ್ ತಮ್ಮ ಕೊನೆಯ ವರ್ಷಗಳನ್ನು ಅದಕ್ಕೇ ಕೊಟ್ಟು 1879ರಲ್ಲಿ ಪ್ರಕಟಿಸಿದರು. ಓಮ್ ಮತ್ತು ಕೂಲಂಬ್ ಹೆಸರಿನ ನಿಯಮಗಳನ್ನು ಹೆನ್ರಿ ಮೊದಲೇ ಕಂಡಿದ್ದರೆಂದು ಜಗತ್ತಿಗೆ ಗೊತ್ತಾದದ್ದು ಆಗಲೇ. ಕರೆಂಟ್ ಅಳೆಯುವ ಮೀಟರ್ ಇಲ್ಲದ ಕಾಲ. ಸ್ವಂತ ಮೈಗೆ ಶಾಕ್ ಹೊಡೆಸಿಕೊಂಡು ಹೆಚ್ಚು ಕಡಿಮೆ ಹೋಲಿಸಿದ್ದರು ಅವರು. 1897ರಲ್ಲಿ ಥಾಮ್ಸನ್ ಇಲೆಕ್ಟ್ರಾನ್ ಕಂಡದ್ದು, 1932ರಲ್ಲಿ ಚಾಡ್ವಿಕ್ ನ್ಯೂಟ್ರಾನ್ ಕಂಡದ್ದು ಇದೇ ಲ್ಯಾಬ್‌ನಲ್ಲಿ.

ಏಳನೇ ಡ್ಯೂಕ್‌ನ ಹಿರಿಮಗ ಹಾರ್ಟಿಂಗ್‌ಟನ್, ಮುಂದೆ ಎಂಟನೇ ಡ್ಯೂಕ್. ಮೂರು ಸಲ ಪ್ರಧಾನಿ ಪಟ್ಟ ಬಂದರೂ ಬೇಡ ಎಂದವರು. ಅವರ ತಮ್ಮ ಲಾರ್ಡ್ ಫ್ರೆಡರಿಕ್ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾದರು. 1882ರ ಮೇ 6ರಂದು ಡಬ್ಲಿನ್‌ಗೆ ಕಾಲಿಟ್ಟ ದಿನವೇ ಫೀನಿಕ್ಸ್ ಪಾರ್ಕ್‌ನಲ್ಲಿ ಅವರನ್ನು ಇರಿದು ಕೊಂದರು. ಅವರ ಹೆಂಡತಿ ಲೂಸಿ ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಕೇಂಬ್ರಿಜ್‌ನಲ್ಲಿ ಅವರ ಹೆಸರಿನ ಕಾಲೇಜಿದೆ.

ಇಪ್ಪತ್ತನೇ ಶತಮಾನದ್ದು ಚುಟುಕಾಗಿ ಹೇಳುತ್ತೇನೆ. ಒಂಬತ್ತನೇ ಡ್ಯೂಕ್ ಕೆನಡಾದ ಗವರ್ನರ್ ಜನರಲ್. ಅವರ ಮಗಳು ಡೊರೊತಿಯ ಗಂಡ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್. ಹತ್ತನೇ ಡ್ಯೂಕ್‌ನ ಹಿರಿಮಗ ಬಿಲ್ಲಿ 1944ರ ಮೇನಲ್ಲಿ ಜಾನ್ ಕೆನಡಿಯ ತಂಗಿ ಕ್ಯಾಥ್ಲೀನ್‌ಳನ್ನು ಮದುವೆಯಾದ, ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂನಲ್ಲಿ ಯುದ್ಧದಲ್ಲಿ ಸತ್ತ. ಆಕೆ 1948ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಳು. ಹತ್ತನೇ ಡ್ಯೂಕ್ ತೆರಿಗೆ ತಪ್ಪಲೆಂದು ಆಸ್ತಿಯನ್ನು ಕಿರಿಮಗನಿಗೆ ಮೊದಲೇ ವರ್ಗ ಮಾಡಿದ್ದರು. ಕಾನೂನಿನ ಪ್ರಕಾರ ಐದು ವರ್ಷ ಬದುಕಿರಬೇಕಿತ್ತು. ಇನ್ನು 14 ವಾರ ಇರುವಾಗ, 1950ರ ನವೆಂಬರ್‌ನಲ್ಲಿ ತೀರಿಕೊಂಡರು. ಆಸ್ತಿಯ ಮೇಲೆ 80 ಶೇಕಡಾ ತೆರಿಗೆ ಬಿತ್ತು. ಬೆಸ್‌ಳ ಹಾರ್ಡ್‌ವಿಕ್ ಹಾಲ್ ಹೋದದ್ದು ಹಾಗೆ, ಸರ್ಕಾರದ ಕೈಗೆ. ಚಾಟ್ಸ್‌ವರ್ತ್ ಉಳಿಯಿತು. ಹನ್ನೊಂದನೇ ಡ್ಯೂಕ್ ಮತ್ತು ಹೆಂಡತಿ ಡೆಬೊರಾ ಮಿಟ್‌ಫರ್ಡ್ ಅದನ್ನು ಜನ ಟಿಕೆಟ್ ಕೊಟ್ಟು ನೋಡುವ ಜಾಗವಾಗಿ ಗಟ್ಟಿ ಮಾಡಿದರು. ಈಗ ಅದನ್ನು ನಡೆಸುವುದು ಒಂದು ಟ್ರಸ್ಟ್.

ಇನ್ನು ಮೈಸೂರಿನ ವಿಷಯ. ಪೋರ್ಟ್‌ಲೆಂಡ್‌ನ ಮೂರನೇ ಡ್ಯೂಕ್ ವೆಲ್ಬೆಕ್ ಕವಲಿನ ಮಾರ್ಗರೆಟ್‌ಳ ಮಗ. ಅವರು 1766ರಲ್ಲಿ ಮದುವೆಯಾದದ್ದು ಚಾಟ್ಸ್‌ವರ್ತ್ ಕವಲಿನ ಡೊರೊತಿ ಕ್ಯಾವೆಂಡಿಶ್‌ಳನ್ನು. ಆಕೆ ನಾಲ್ಕನೇ ಡ್ಯೂಕ್‌ನ ಮಗಳು. ಬೇರೆಯಾಗಿದ್ದ ಎರಡೂ ಕವಲು ಇಲ್ಲಿ ಮತ್ತೆ ಸೇರಿದವು. ಇವರ ಮಗನೇ ಲಾರ್ಡ್ ವಿಲಿಯಂ ಬೆಂಟಿಂಕ್. ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಬೆಸ್‌ಳ ವಂಶ. ತಂದೆಯೂ ಪ್ರಧಾನಿ, ತಾಯಿಯ ತಂದೆಯೂ ಪ್ರಧಾನಿ. ಇನ್ನೊಂದು ವಿಷಯ, ಇವರ ತಮ್ಮ ಲಾರ್ಡ್ ಚಾರ್ಲ್ಸ್‌ನ ಕವಲಿನಲ್ಲಿ ಬರುವವರು ಈಗಿನ ರಾಜ ಮೂರನೇ ಚಾರ್ಲ್ಸ್. ಅವರ ಅಜ್ಜಿಯ ತಾಯಿ ಕ್ಯಾವೆಂಡಿಶ್-ಬೆಂಟಿಂಕ್ ಮನೆಯ ಮಗಳು.

ಬೆಂಟಿಂಕ್ 1803ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದರು. 1806ರಲ್ಲಿ ವೆಲ್ಲೂರಿನಲ್ಲಿ ಸಿಪಾಯಿಗಳು ದಂಗೆ ಎದ್ದರು. ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದ ಕೋಟೆಯೇ ಅದು. ಅದರಿಂದಾಗಿ ಬೆಂಟಿಂಕ್ ಅವರನ್ನು ವಾಪಸ್ ಕರೆಸಿಕೊಂಡರು. 1828ರಲ್ಲಿ ಗವರ್ನರ್ ಜನರಲ್ ಆಗಿ ಮತ್ತೆ ಬಂದರು. 1829ರಲ್ಲಿ ಸತಿ ಪದ್ಧತಿ ನಿಷೇಧಿಸಿದ್ದು ಇವರೇ. ನಗರ ಸೀಮೆಯ ರೈತರ ದಂಗೆಯನ್ನು ಕಾರಣ ಮಾಡಿಕೊಂಡು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡದ್ದೂ ಇವರೇ. 1834ರಲ್ಲಿ ಚಿಕ್ಕ ವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಕಂಪನಿಗೆ ಸೇರಿಸಿದರು. ಸತಿ ನಿಷೇಧದ ಒಂದೇ ಪಾಠದಲ್ಲಿ ಬೆಂಟಿಂಕ್‌ರನ್ನು ಮುಗಿಸುವುದು ಕನ್ನಡದ ಮಕ್ಕಳಿಗೆ ಅರ್ಧ ಚಿತ್ರ ಕೊಟ್ಟಂತೆ.

ಮೈಸೂರು ಒಡೆಯರ ಮನೆಗೆ ಮರಳಿದ್ದು 1881ರ ಮಾರ್ಚ್ 25ರಂದು, ಚಾಮರಾಜೇಂದ್ರ ಒಡೆಯರ ಕಾಲಕ್ಕೆ. ಆ ದಿನ ಲಂಡನ್‌ನಲ್ಲಿ ಭಾರತ ಮಂತ್ರಿಯ (ಭಾರತದ ವ್ಯವಹಾರ ನೋಡುವ ಬ್ರಿಟಿಷ್ ಮಂತ್ರಿ) ಕುರ್ಚಿಯಲ್ಲಿದ್ದವರು ಮುಂದೆ ಎಂಟನೇ ಡ್ಯೂಕ್ ಆದ ಅದೇ ಹಾರ್ಟಿಂಗ್‌ಟನ್. ರಾಜ್ಯ ಹಿಂದಿರುಗಿಸಬೇಕೆಂಬ ತೀರ್ಮಾನ 1867ರಲ್ಲೇ, ಸ್ಟಾಫರ್ಡ್ ನಾರ್ತ್‌ಕೋಟ್ ಭಾರತ ಮಂತ್ರಿಯಾಗಿದ್ದಾಗ ಆಗಿತ್ತು. ಹಾಗಾಗಿ ಅದರ ಶ್ರೇಯವನ್ನು ಹಾರ್ಟಿಂಗ್‌ಟನ್‌ಗೆ ಕಟ್ಟಬೇಡಿ. ಆದರೆ ಚಾರ್ಟ್‌ನಲ್ಲಿ ಬೆಂಟಿಂಕ್‌ನಿಂದ ಅವರಿಗೆ ಧೈರ್ಯವಾಗಿ ಗೆರೆ ಎಳೆಯಿರಿ. ಬೆಂಟಿಂಕ್‌ಗೆ ಲಾರ್ಡ್ ಜಾರ್ಜ್ ಸೋದರಮಾವ, ಹಾರ್ಟಿಂಗ್‌ಟನ್ ಅದೇ ಲಾರ್ಡ್ ಜಾರ್ಜ್‌ನ ಮೊಮ್ಮಗನ ಮಗ.